ಆಲೂಗಡ್ಡೆ ತಳಿ, ಜೀನೋಮ್ ಮತ್ತು ನಮ್ಮ ಸೀಮೆಯ ರಾತ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಆಲೂಗಡ್ಡೆ ತಿನ್ನುವ ಜಿಲ್ಲೆಗಳು, ಬೆಳೆಯುವ ಜಿಲ್ಲೆಗಳಲ್ಲ. ಆದರೂ ಮೆಣಸಿನಕಾಯಿ, ಹತ್ತಿ, ಭತ್ತದ ರೇಟಿನಲ್ಲಿ ಏಟು ತಿಂದವರು ಬೇರೆ ಬೆಳೆ ಹುಡುಕಲು ಹೊರಟರೆ ಆಲೂಗಡ್ಡೆಯ ಹೆಸರು ಬಂದೇ ಬರುತ್ತದೆ. ಅದರ ಬೆನ್ನಿಗೇ "ಜೀನ್ ಬದಲಿಸಿದ ತಳಿ ಬಂದಿದೆಯಂತೆ, ಬಿಸಿಲಿಗೂ ಬರುತ್ತಂತೆ" ಅನ್ನುವ ಮಾತೂ ಬರುತ್ತದೆ. ರೈತರು, ಕೃಷಿ ಓದುವ ಮಕ್ಕಳು, ಮಿರ್ಚಿ-ಬೋಂಡಾ ಕರಿಯುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ನಾಲ್ಕೇ ಸಾಲು.

ಮೊದಲು ಇದನ್ನು ಹೇಳಿ. ನಮ್ಮ ಕಡೆ ಆಲೂಗಡ್ಡೆ ಯಾಕೆ ಬರೋದಿಲ್ಲ?

ಗಿಡ ಬರುತ್ತದೆ, ಗಡ್ಡೆ ಕಟ್ಟುವುದಿಲ್ಲ. ಹಸಿರಾಗಿ ಸೊಂಪಾಗಿ ಬೆಳೆದ ಸಾಲನ್ನು ಅಗೆದರೆ ಕೆಳಗೆ ಗೋಲಿಯಷ್ಟು ದಪ್ಪದ ನಾಲ್ಕು ಗಡ್ಡೆ ಸಿಗುತ್ತವೆ.

ಜನ ಹಗಲಿನ ಬಿಸಿಲನ್ನು ಬೈಯುತ್ತಾರೆ. ಅಸಲಿ ತಕರಾರು ರಾತ್ರಿಯದು. ಗಡ್ಡೆ ಚೆನ್ನಾಗಿ ಕಟ್ಟಬೇಕಾದರೆ ರಾತ್ರಿ 15ರಿಂದ 20 ಡಿಗ್ರಿ ಇರಬೇಕು. ಹಗಲು ಸ್ವಲ್ಪ ಕಾದರೂ ಗಿಡ ತಡೆದುಕೊಳ್ಳುತ್ತದೆ. ರಾತ್ರಿಯೂ ಸೆಕೆ ಇದ್ದರೆ ಹಗಲೆಲ್ಲಾ ಎಲೆ ಮಾಡಿಟ್ಟ ಸಕ್ಕರೆಯಲ್ಲಿ ದೊಡ್ಡ ಪಾಲು ಗಿಡದ ಉಸಿರಾಟಕ್ಕೇ ಖರ್ಚಾಗಿಹೋಗುತ್ತದೆ. ಉಳಿದದ್ದೂ ಗಡ್ಡೆಗೆ ಇಳಿಯದೆ ಕಾಂಡ, ಎಲೆಗೆ ಹೋಗುತ್ತದೆ.

ನಮ್ಮಲ್ಲಿ ಅಂಥ ತಂಪು ರಾತ್ರಿಗಳು ಸಿಗುವುದು ಸುಮಾರು ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ. ಬೇಗ ಬರುವ ಆಲೂಗಡ್ಡೆಗೂ 75ರಿಂದ 90 ದಿನ ಬೇಕು. ಲೆಕ್ಕ ಎಷ್ಟು ಬಿಗಿಯಾಗಿದೆ ನೋಡಿ. ನಾಟಿ ಹದಿನೈದು ದಿನ ಆಚೆ ಈಚೆ ಆದರೆ ಬೆಳೆ ಕೈಬಿಟ್ಟಂತೆ.

ಮಣ್ಣಿನ ಕಥೆ ಬೇರೆ. ಎರೆ ಹೊಲದಲ್ಲಿ ಗಡ್ಡೆ ಅಗೆಯುವುದೇ ಒಂದು ಶಿಕ್ಷೆ. ಹಸಿ ಇದ್ದರೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಕಲ್ಲಾಗುತ್ತದೆ. ತುಂಗಭದ್ರಾ ಕಾಲುವೆ ಕೆಳಗಿನ ಸವಳು-ಜವಳು ಹೊಲವಂತೂ ಬೇಡವೇ ಬೇಡ, ಆಲೂಗಡ್ಡೆಗೆ ಉಪ್ಪು ಆಗಿಬರುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಕೆಂಪು ಮಸಾರಿ, ಸಂಡೂರಿನ ಗುಡ್ಡದ ಬುಡ, ಇಂಥ ಕಡೆ ಮಾತ್ರ ಮಾತಾಡಬಹುದು.

ರಾತ್ರಿ ಸೆಕೆಗೂ ಜೀನಿಗೂ ಏನು ಸಂಬಂಧ?

ನೇರ ಸಂಬಂಧ. ಆಲೂಗಡ್ಡೆ ಗಿಡದಲ್ಲಿ ಎಸ್‌ಪಿ6ಎ ಎಂಬ ಒಂದು ಜೀನ್ ಇದೆ. ಇದು ಎಲೆಯಲ್ಲಿ ಒಂದು ಪ್ರೋಟೀನ್ ಮಾಡಿಸುತ್ತದೆ. ಆ ಪ್ರೋಟೀನ್ ಕಾಂಡದ ಒಳಗಿಂದ ಇಳಿದು ಮಣ್ಣಿನೊಳಗಿನ ಬಳ್ಳಿಯ ತುದಿ ಮುಟ್ಟಿದಾಗ ಆ ತುದಿ ಉಬ್ಬಲು ಶುರುವಾಗುತ್ತದೆ. ಅದೇ ಗಡ್ಡೆ. ಈ ಕೆಲಸ ಹೀಗೆ ನಡೆಯುತ್ತದೆ ಅಂತ ತೋರಿಸಿದ್ದು 2011ರಲ್ಲಿ.

ಸೆಕೆ ಹೆಚ್ಚಾದರೆ ಎಸ್‌ಪಿ6ಎ ಬಾಯಿ ಮುಚ್ಚುತ್ತದೆ. 2019ರಲ್ಲಿ ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ತಂಡ ಇನ್ನೊಂದು ವಿಷಯ ಕಂಡುಹಿಡಿಯಿತು. ಬಿಸಿಯಲ್ಲಿ ಗಿಡವೇ ಒಂದು ಪುಟ್ಟ ಆರ್‌ಎನ್‌ಎ (ಡಿಎನ್‌ಎಯನ್ನು ಹೋಲುವ ಅಣು) ತುಣುಕನ್ನು ಹೆಚ್ಚು ಮಾಡಿ ಎಸ್‌ಪಿ6ಎ ಕೆಲಸವನ್ನು ಅಡಗಿಸುತ್ತದೆ. ಆ ತುಣುಕನ್ನು ತಡೆದ ಗಿಡಗಳು ಬಿಸಿಯಲ್ಲೂ ಗಡ್ಡೆ ಕಟ್ಟಿದವು. ಇದು ಪ್ರಯೋಗಾಲಯದ ಫಲಿತಾಂಶ. ಹೊಲಕ್ಕೆ ಬಂದ ತಳಿಯಲ್ಲ. ಆದರೆ ನಮಗೆ ಬೇಕಾದ ಬಾಗಿಲು ಯಾವುದು ಅಂತ ಇದರಿಂದ ಗೊತ್ತಾಯಿತು.

ಇನ್ನೊಂದು ಮಜಾ ಇದೆ. ಆಲೂಗಡ್ಡೆಯ ವಂಶವೇ ಸುಮಾರು 90 ಲಕ್ಷ ವರ್ಷಗಳ ಹಿಂದೆ ಎರಡು ಬೇರೆ ಗಿಡಗಳು ಕೂಡಿ ಹುಟ್ಟಿದ್ದು ಅಂತ 2025ರಲ್ಲಿ ಚೀನಾದ ವಿಜ್ಞಾನಿಗಳ ನೇತೃತ್ವದ ತಂಡ ತೋರಿಸಿತು. ಅದರಲ್ಲಿ ಒಂದು ಟೊಮ್ಯಾಟೊದ ಪೂರ್ವಜ. ಎಸ್‌ಪಿ6ಎ ಬಂದದ್ದು ಆ ಟೊಮ್ಯಾಟೊ ಕಡೆಯಿಂದ! ಗಡ್ಡೆಯೇ ಇಲ್ಲದ ಗಿಡದಿಂದ ಗಡ್ಡೆಯ ಸ್ವಿಚ್ ಬಂದಿದೆ ಅಂದರೆ ನಂಬುವುದು ಕಷ್ಟ ಅಲ್ವಾ.

ಜೀನೋಮ್ ಅಂದರೇನು? ಆಲೂಗಡ್ಡೆಯದನ್ನು ಯಾವಾಗ ಓದಿದರು?

ಒಂದು ಜೀವಿಯ ಪೂರ್ತಿ ಡಿಎನ್‌ಎ ಬರಹಕ್ಕೆ ಜೀನೋಮ್ ಅನ್ನುತ್ತಾರೆ. ಆಲೂಗಡ್ಡೆಯದು ಸುಮಾರು 84 ಕೋಟಿ ಅಕ್ಷರಗಳಷ್ಟು ಉದ್ದ. 2011ರ ಜುಲೈನಲ್ಲಿ ಇದನ್ನು ಪ್ರಕಟಿಸಿದರು. ಹಲವು ದೇಶಗಳ ಸಂಸ್ಥೆಗಳು ಸೇರಿ ಮಾಡಿದ ಕೆಲಸ. ಭಾರತದಿಂದ ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಅದರಲ್ಲಿತ್ತು. 39 ಸಾವಿರ ಜೀನ್‌ಗಳ ಪಟ್ಟಿ ಸಿಕ್ಕಿತು.

ಆದರೆ ಅಂದು ಓದಿದ್ದು ಮಾರ್ಕೆಟ್ಟಿನ ಆಲೂಗಡ್ಡೆಯನ್ನಲ್ಲ. ಲೆಕ್ಕ ಸುಲಭವಾಗಲಿ ಅಂತ ಪ್ರಯೋಗಾಲಯದಲ್ಲಿ ಮಾಡಿಕೊಂಡ ಒಂದು ಸರಳ ಗಿಡವನ್ನು ಓದಿದರು. ನಾವು ತಿನ್ನುವ ಥರದ ಆಲೂಗಡ್ಡೆಯ ನಾಲ್ಕೂ ಪ್ರತಿಗಳನ್ನು ಬಿಡಿಬಿಡಿಯಾಗಿ ಓದಿ ಮುಗಿಸಲು 2022 ಬಂತು. ಆ ತಳಿಯ ಹೆಸರು ಒಟಾವಾ.

"ನಾಲ್ಕು ಪ್ರತಿ" ಅಂದ್ರಿ. ಅದೇನು?

ಆಲೂಗಡ್ಡೆ ತಳಿ ಮಾಡುವವರ ತಲೆನೋವೆಲ್ಲಾ ಇರುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಮನುಷ್ಯರಲ್ಲಿ, ಭತ್ತದಲ್ಲಿ, ತೊಗರಿಯಲ್ಲಿ ಪ್ರತಿ ವರ್ಣತಂತು ಎರಡೆರಡು ಇರುತ್ತವೆ. ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು. ಆಲೂಗಡ್ಡೆಯಲ್ಲಿ 12 ಬಗೆಯ ವರ್ಣತಂತುಗಳಿವೆ, ಪ್ರತಿಯೊಂದೂ ನಾಲ್ಕು ನಾಲ್ಕು. ಒಟ್ಟು 48. ಹಾಗಾಗಿ ಒಂದೊಂದು ಜೀನೂ ನಾಲ್ಕು ಪ್ರತಿ, ನಾಲ್ಕೂ ಬೇರೆ ಬೇರೆ ಇರಬಹುದು.

ಈಗ ಒಂದು ವೈರಸ್ ರೋಗ ತಡೆಯುವ ಜೀನ್ ತೆಗೆದುಕೊಳ್ಳೋಣ. ತಾಯಿ ಗಿಡದ ನಾಲ್ಕರಲ್ಲಿ ಒಂದೇ ಪ್ರತಿಯಲ್ಲಿ ಆ ಗುಣ ಇದೆ, ತಂದೆ ಗಿಡದಲ್ಲಿ ಇಲ್ಲವೇ ಇಲ್ಲ ಅಂದುಕೊಳ್ಳಿ. ಮರಿಗಳಲ್ಲಿ ಅರ್ಧಕ್ಕೆ ಮಾತ್ರ ಗುಣ ಬರುತ್ತದೆ. ತಾಯಿಯಲ್ಲಿ ಎರಡು ಪ್ರತಿ ಇದ್ದರೆ ಆರರಲ್ಲಿ ಐದಕ್ಕೆ ಬರುತ್ತದೆ. ಮೂರು ಪ್ರತಿ ಇದ್ದರೆ ಹೆಚ್ಚೂ ಕಡಿಮೆ ಎಲ್ಲಕ್ಕೂ ಬರುತ್ತದೆ. ಆದರೆ ಒಂದು ಪ್ರತಿ ಇರುವ ಗಿಡ, ಮೂರು ಪ್ರತಿ ಇರುವ ಗಿಡ, ಎರಡೂ ಹೊಲದಲ್ಲಿ ಒಂದೇ ಥರ ಕಾಣುತ್ತವೆ. ಎರಡಕ್ಕೂ ರೋಗ ಬರುವುದಿಲ್ಲ. ಕಣ್ಣಿಗೆ ಗೊತ್ತಾಗದ ಈ ವ್ಯತ್ಯಾಸವನ್ನು ಡಿಎನ್‌ಎ ಪರೀಕ್ಷೆ ಹೇಳಿಬಿಡುತ್ತದೆ. ಒಳ್ಳೆಯ ತಂದೆ-ತಾಯಿ ಗಿಡ ಆರಿಸಲು ಇದಕ್ಕಿಂತ ದೊಡ್ಡ ಸಹಾಯ ಇಲ್ಲ.

ಇನ್ನೊಂದು ತೊಡಕು: ಎಲ್ಲಾ ಗುಣಗಳೂ ಒಟ್ಟಿಗೆ ಬರಬೇಕು. ಇಳುವರಿ, ಆಕಾರ, ಸಿಪ್ಪೆ, ಕಣ್ಣಿನ ಆಳ, ರೋಗ ನಿರೋಧ, ಕರಿದರೆ ಬಣ್ಣ. ಸಾವಿರಾರು ಸಸಿಗಳಿಂದ ಶುರು ಮಾಡಿ, ವರ್ಷ ವರ್ಷ ಕಿತ್ತು ಬಿಸಾಡುತ್ತಾ ಬಂದು, ಹತ್ತು ಹನ್ನೆರಡು ವರ್ಷದ ಮೇಲೆ ಒಂದು ತಳಿ ಉಳಿದರೆ ಅದೃಷ್ಟ. ತಳಿ ಅಭಿವೃದ್ಧಿ ಅಂದರೆ ಮುಕ್ಕಾಲು ಪಾಲು ಬಿಸಾಡುವ ಕೆಲಸ. ಜೀನೋಮ್ ವಿದ್ಯೆ ಮಾಡುವುದು ಇಷ್ಟೇ: ಯಾವುದನ್ನು ಬಿಸಾಡಬೇಕು ಅನ್ನುವುದನ್ನು ಬೇಗ ಹೇಳುತ್ತದೆ.

ಆ ಡಿಎನ್‌ಎ ಪರೀಕ್ಷೆ ಹೇಗೆ ಮಾಡುತ್ತಾರೆ? ದೊಡ್ಡ ಮಷೀನ್ ಬೇಕಾ?

ನೋಡಲು ಅಂಥ ಭಾರೀ ಏನೂ ಇಲ್ಲ. ಎಳೆ ಸಸಿಯ ಎಲೆಯಿಂದ ಶರ್ಟಿನ ಗುಂಡಿಯಷ್ಟು ತುಂಡು ತೆಗೆಯುತ್ತಾರೆ. 96 ಗುಳಿಗಳಿರುವ ಅಂಗೈಯಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದೊಂದು ಸಸಿಗೆ ಒಂದೊಂದು ಗುಳಿ. ಎಲೆಯನ್ನು ಅರೆದು, ರಾಸಾಯನಿಕ ಹಾಕಿ, ಬಿಸಿ ಮಾಡಿ, ವೇಗವಾಗಿ ತಿರುಗಿಸಿ ಡಿಎನ್‌ಎ ಬೇರ್ಪಡಿಸುತ್ತಾರೆ. ಆಮೇಲೆ ಪಿಸಿಆರ್. ಕೊರೊನಾ ಕಾಲದಲ್ಲಿ ಎಲ್ಲರೂ ಕೇಳಿದ ಅದೇ ಪಿಸಿಆರ್. ಬೇಕಾದ ಡಿಎನ್‌ಎ ತುಂಡು ಇದ್ದರೆ ಅದು ಕೋಟಿಗಟ್ಟಲೆ ಪ್ರತಿಯಾಗುತ್ತದೆ. ಜೆಲ್ ಮೇಲೆ ಓಡಿಸಿ ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಿಡಿದರೆ ಇರುವ ಸಸಿಗಳ ಸಾಲಿನಲ್ಲಿ ಹೊಳೆಯುವ ಗೆರೆ, ಇಲ್ಲದವುಗಳಲ್ಲಿ ಖಾಲಿ.

ಆ ಗೆರೆಯೇ ಮಾರ್ಕರ್. ಕೊಪ್ಪಳ, ಬಳ್ಳಾರಿ ಕಡೆ ಕುರಿಯ ಬೆನ್ನಿಗೆ ಬಣ್ಣ ಹಚ್ಚುತ್ತಾರಲ್ಲ, ಹಾಗೆ. ಬಣ್ಣದಿಂದ ಕುರಿ ಕೊಬ್ಬುವುದಿಲ್ಲ, ಯಾರ ಹಿಂಡಿನದು ಅಂತ ಗೊತ್ತಾಗುತ್ತದೆ ಅಷ್ಟೆ. ಮಾರ್ಕರ್ ಕೂಡ ರೋಗ ತಡೆಯುವುದಿಲ್ಲ. ರೋಗ ತಡೆಯುವ ಜೀನ್ ಅದರ ಪಕ್ಕದಲ್ಲೇ ಕೂತಿದೆ ಅಂತ ಹೇಳುತ್ತದೆ.

ಲಾಭ ಎಲ್ಲಿದೆ ಅಂದರೆ, ಆಲೂಗಡ್ಡೆಗೆ ಬರುವ ವೈ ಎಂಬ ವೈರಸ್ ತಡೆಯುವ ಜೀನ್ ಇದೆಯೋ ಇಲ್ಲವೋ ನೋಡಲು ಗಿಡಕ್ಕೆ ರೋಗ ಅಂಟಿಸಿ ಕಾಯಬೇಕಾಗಿಲ್ಲ. ನಾಲ್ಕೆಲೆ ಬಂದಾಗಲೇ ಅರ್ಧ ಸಸಿಗಳನ್ನು ಕಿತ್ತು ಹಾಕಬಹುದು. ಅಷ್ಟು ಹೊಲ, ಅಷ್ಟು ನೀರು, ಅಷ್ಟು ಆಳು ಉಳಿಯಿತು.

ಇದು ಕುಲಾಂತರಿ ಅಲ್ವಾ? ಬಿಟಿ ಹತ್ತಿ ಥರ?

ಅಲ್ಲ. ಮಾರ್ಕರ್ ನೋಡಿ ಆರಿಸಿದ ತಳಿಗೆ ಹೊರಗಿನಿಂದ ಏನೂ ಸೇರಿಸಿರುವುದಿಲ್ಲ. ಹೂವಿಗೆ ಹೂವು ಕೂಡಿಸುವ ಹಳೇ ಪದ್ಧತಿಯೇ, ಆರಿಸುವ ರೀತಿ ಮಾತ್ರ ಹೊಸದು.

ಗಂಗಾವತಿ, ಸಿಂಧನೂರಿನವರಿಗೆ ಇದು ದೂರದ ಮಾತೂ ಅಲ್ಲ. ನೀವು ಬಿಪಿಟಿ 5204 ಅನ್ನುವ ಸಾಂಬಾ ಮಸೂರಿಗೆ ದುಂಡಾಣು ಎಲೆ ಅಂಗಮಾರಿ ಬರುತ್ತದೆ. ಹೈದರಾಬಾದಿನ ಸಿಸಿಎಂಬಿ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರ ಮತ್ತು ಅಲ್ಲಿನ ಭತ್ತ ಸಂಶೋಧನಾ ಸಂಸ್ಥೆ ಸೇರಿ, ಆ ರೋಗ ತಡೆಯುವ ಮೂರು ಜೀನ್‌ಗಳನ್ನು ಮಾರ್ಕರ್ ಹಿಡಿದು ಒಟ್ಟು ಮಾಡಿ ಸುಧಾರಿತ ಸಾಂಬಾ ಮಸೂರಿ ಮಾಡಿದವು. ಅದು 2008ರಲ್ಲೇ ಬಿಡುಗಡೆಯಾಯಿತು. ಅದೂ ಕುಲಾಂತರಿ ಅಲ್ಲ.

ಬಿಟಿ ಹತ್ತಿ ಬೇರೆ. ಅದರಲ್ಲಿ ಮಣ್ಣಿನ ಒಂದು ಬ್ಯಾಕ್ಟೀರಿಯಾದ ಜೀನ್ ಇದೆ. ನಮ್ಮ ದೇಶದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಕುಲಾಂತರಿ ಆಲೂಗಡ್ಡೆಯನ್ನು ಬೆಳೆಯಲು, ಮಾರಲು ಭಾರತದಲ್ಲಿ ಅನುಮತಿ ಇಲ್ಲ. ಯಾರಾದರೂ "ಬಿಟಿ ಆಲೂಗಡ್ಡೆ ಬಿತ್ತನೆ" ಅಂತ ಮಾರಲು ಬಂದರೆ ದುಡ್ಡು ಜೇಬಲ್ಲೇ ಇರಲಿ.

ಬಿಟಿ ಹತ್ತಿಗೆ ಗುಲಾಬಿ ಕಾಯಿಕೊರಕ ಮತ್ತೆ ಬಂತು. ಆಲೂಗಡ್ಡೆಯ ರೋಗ ನಿರೋಧಕ ಜೀನೂ ಹಾಗೇ ಕೈಕೊಡಲ್ವಾ?

ಕೊಡುತ್ತದೆ. ಕೊಟ್ಟೂ ಇದೆ. ರಾಯಚೂರಿನ ಹತ್ತಿ ರೈತರು ಕೇಳುವ ಈ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ.

ಆಲೂಗಡ್ಡೆಯ ದೊಡ್ಡ ಶತ್ರು ಅಂಗಮಾರಿ. 1845ರಲ್ಲಿ ಐರ್ಲೆಂಡಿಗೆ ಇದು ಬಿದ್ದು, ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಇಪ್ಪತ್ತನೇ ಶತಮಾನದಲ್ಲಿ ಮೆಕ್ಸಿಕೊದ ಕಾಡು ಆಲೂಗಡ್ಡೆಯಿಂದ ಒಂದೊಂದೇ ನಿರೋಧಕ ಜೀನ್ ತಂದು ಹಾಕಿದರು. ರೋಗಾಣು ಒಂದೊಂದನ್ನೇ ಮುರಿಯಿತು. ಅದರ ಜೀನೋಮನ್ನು 2009ರಲ್ಲಿ ಓದಿದಾಗ ಯಾಕೆ ಅಂತ ತಿಳಿಯಿತು. ದಾಳಿಗೆ ಬಳಸುವ ಜೀನ್‌ಗಳನ್ನು ಅದು ಬೇಗ ಬೇಗ ಬದಲಾಗುವ ಜಾಗದಲ್ಲಿ ಇಟ್ಟುಕೊಂಡಿದೆ.

ಅದಕ್ಕೇ ಈಗ ಮೂರು ಜೀನ್ ಒಟ್ಟಿಗೆ ಹಾಕುತ್ತಾರೆ. ಪೆರುವಿನ ಲಿಮಾದಲ್ಲಿರುವ ಅಂತಾರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಉಗಾಂಡದ ವಿಕ್ಟೋರಿಯಾ ತಳಿಗೆ ಕಾಡು ಆಲೂಗಡ್ಡೆಗಳ ಮೂರು ಜೀನ್ ಸೇರಿಸಿ ಹೊಲದಲ್ಲಿ ಪರೀಕ್ಷೆ ಮಾಡಿದೆ. ಇದು ಕುಲಾಂತರಿ. ಆದರೆ ಜೀನ್ ಬಂದದ್ದು ಆಲೂಗಡ್ಡೆಯ ಬಂಧುಗಳಿಂದಲೇ.

ಒಂದು ಸಮಾಧಾನ: ಅಂಗಮಾರಿಗೆ ತಂಪು, ತೇವ, ಮೋಡ ಬೇಕು. ಹಾಸನದವರಿಗೆ ಅದು ನಿದ್ದೆಗೆಡಿಸುತ್ತದೆ. ನಮ್ಮ ಒಣ ಚಳಿಗಾಲದಲ್ಲಿ ಅದರ ಆಟ ಕಡಿಮೆ. ನಮ್ಮ ಪಟ್ಟಿಯಲ್ಲಿ ಸೆಕೆ, ಜಿಗಿಹುಳು, ನುಸಿ, ದುಂಡಾಣು ಸೊರಗು ರೋಗ ಮೇಲೆ ಬರುತ್ತವೆ. ಮೆಣಸಿನಕಾಯಿ, ಟೊಮ್ಯಾಟೊ, ಬದನೆ ಎಲ್ಲಾ ಆಲೂಗಡ್ಡೆಯ ಮನೆತನದವೇ. ಸೊರಗು ರೋಗ ಕಂಡ ಮೆಣಸಿನಕಾಯಿ ಅಥವಾ ಟೊಮ್ಯಾಟೊ ಹೊಲದಲ್ಲಿ ಅದರ ಹಿಂದೆಯೇ ಆಲೂಗಡ್ಡೆ ಹಾಕಬೇಡಿ.

ಸೆಕೆ ತಡೆಯಲು ಒಂದು ಮಾರ್ಕರ್ ಸಾಲದಾ?

ಸಾಲದು. ಇಳುವರಿ, ಸೆಕೆ ತಡೆಯುವ ಶಕ್ತಿ, ಇಂಥವನ್ನು ನೂರಾರು ಜೀನ್‌ಗಳು ಚೂರು ಚೂರಾಗಿ ನಡೆಸುತ್ತವೆ. ಅದಕ್ಕೆ ಬಳಸುವುದು ಜೀನೋಮಿಕ್ ಸೆಲೆಕ್ಷನ್.

ಕೆಲಸ ಹೀಗೆ. ಕೆಲವು ನೂರು ಆಲೂಗಡ್ಡೆ ತಳಿಗಳನ್ನು ಹೊಲದಲ್ಲಿ ಬೆಳೆದು ಎಲ್ಲವನ್ನೂ ಅಳೆಯುತ್ತಾರೆ. ಅದೇ ತಳಿಗಳ ಡಿಎನ್‌ಎಯಲ್ಲಿ ಸಾವಿರಾರು ಕಡೆ ಅಕ್ಷರ ನೋಡುತ್ತಾರೆ. ಇದಕ್ಕೆ ಬಳಸುವ ಪುಟ್ಟ ಪರೀಕ್ಷಾ ಬಿಲ್ಲೆಗೆ ಡಿಎನ್‌ಎ ಚಿಪ್ ಅನ್ನುತ್ತಾರೆ; ಆಲೂಗಡ್ಡೆಯ ಹೆಸರಾದ ಒಂದು ಚಿಪ್‌ನಲ್ಲಿ ಅಂಥ 8,303 ಜಾಗಗಳಿದ್ದವು. ಯಾವ ಅಕ್ಷರ ಇದ್ದರೆ ಇಳುವರಿ ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಅಂತ ಕಂಪ್ಯೂಟರ್ ಕಲಿಯುತ್ತದೆ. ಆಮೇಲೆ ಹೊಲವನ್ನೇ ನೋಡದ ಹೊಸ ಸಸಿಯ ಎಲೆ ಕೊಟ್ಟರೆ ಅದರ ಯೋಗ್ಯತೆ ಅಂದಾಜು ಮಾಡುತ್ತದೆ.

ಈಗ ನನ್ನ ತಕರಾರು ಕೇಳಿ. ಕಂಪ್ಯೂಟರ್ ಕಲಿಯುವುದು ತಾನು ನೋಡಿದ ಹೊಲದಿಂದ. ಪಂಜಾಬಿನ ಜಲಂಧರ್‌ನ ಹೊಲದಲ್ಲಿ ಅಳೆದರೆ ಜಲಂಧರ್‌ನ ಚಳಿಗೆ ಸರಿಯಾದ ಸಸಿ ಆರಿಸಿಕೊಡುತ್ತದೆ. ಕರ್ನಾಟಕದಲ್ಲಿ ಆಲೂಗಡ್ಡೆ ಪ್ರಯೋಗಕ್ಕೆ ಹೆಸರಾದ ಜಾಗಗಳು ಹಾಸನ, ಧಾರವಾಡ. ಅಲ್ಲಿನ ಮುಂಗಾರಿಗೂ ಮಾನ್ವಿಯ ಡಿಸೆಂಬರ್‌ಗೂ ಏನು ನಂಟು? ನಮ್ಮ ರಾತ್ರಿಯ ಲೆಕ್ಕ ಆ ಕಂಪ್ಯೂಟರಿಗೆ ಹೋಗದಿದ್ದರೆ, ಎಷ್ಟು ದೊಡ್ಡ ಜೀನೋಮ್ ಯೋಜನೆ ಬಂದರೂ ನಮಗೆ ಬೇಕಾದ ತಳಿ ಹೊರಗೆ ಬರುವುದಿಲ್ಲ. ಲ್ಯಾಬ್ ಎಲ್ಲಿ ಬೇಕಾದರೂ ಇರಲಿ. ಪ್ರಯೋಗದ ತಾಕು ಮಾತ್ರ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲೋ, ಹಗರಿಯಲ್ಲೋ, ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲೋ ಇರಬೇಕು. ರೈತ ಸಂಘಟನೆಗಳು ಸಬ್ಸಿಡಿ ಕೇಳುವಾಗ ಇದನ್ನೂ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಸೆಕೆ ತಡೆಯುವ ತಳಿ ಈಗ ಒಂದೂ ಇಲ್ವಾ?

ಇದೆ. ಕುಫ್ರಿ ಸೂರ್ಯ. ಶಿಮ್ಲಾ ಸಂಸ್ಥೆ 2006ರಲ್ಲಿ ಬಿಡುಗಡೆ ಮಾಡಿತು. ರಾತ್ರಿ 20 ಡಿಗ್ರಿ ದಾಟಿದರೂ ಗಡ್ಡೆ ಕಟ್ಟಲಿ ಅಂತಲೇ ಮಾಡಿದ ತಳಿ. ಜಿಗಿಹುಳು ಹೊಡೆತವನ್ನೂ ಸ್ವಲ್ಪ ತಡೆಯುತ್ತದೆ. ಇದನ್ನು ಹಳೇ ಪದ್ಧತಿಯಲ್ಲೇ ಮಾಡಿದ್ದು. ಹಾಸನದವರ ಕೈಯಲ್ಲಿ ಬಹಳ ವರ್ಷ ಇದ್ದದ್ದು 1968ರ ಕುಫ್ರಿ ಜ್ಯೋತಿ, ಅದು ನಮ್ಮ ಸೆಕೆಗೆ ಅಲ್ಲ. ಸೂರ್ಯ ಅಂತ ಹೆಸರಿದೆ ಅಂತ ಏಪ್ರಿಲ್‌ನಲ್ಲಿ ಹಾಕಿಬಿಡಬೇಡಿ. ನಮ್ಮ ಏಪ್ರಿಲ್‌ಗೆ ಯಾವ ಆಲೂಗಡ್ಡೆಯೂ ಇಲ್ಲ.

ಜೀನ್ ಎಡಿಟಿಂಗ್ ಬಂದಿದೆಯಂತಲ್ಲ, ಅದರಿಂದ ಬೇಗ ಆಗಲ್ವಾ?

ಭತ್ತದಲ್ಲಿ ಆಗಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಎರಡು ಜೀನ್ ಎಡಿಟ್ ಮಾಡಿದ ಭತ್ತದ ತಳಿಗಳನ್ನು ಪ್ರಕಟಿಸಿತು. ಅದರಲ್ಲಿ ಡಿಆರ್‌ಆರ್ ಧಾನ್ 100 ಮಾಡಿದ್ದು ಅದೇ ಸಾಂಬಾ ಮಸೂರಿಯಿಂದ. ಇನ್ನೊಂದು ಪೂಸಾ ಡಿಎಸ್‌ಟಿ ರೈಸ್ 1, ಎಂಟಿಯು 1010ರಿಂದ ಮಾಡಿದ್ದು, ಉಪ್ಪು ಮಣ್ಣಿಗೆ. ಕಾಲುವೆ ಕೊನೆಯ ಸವಳು ಹೊಲದವರು ಎರಡನೆಯದರ ಮೇಲೆ ಒಂದು ಕಣ್ಣಿಟ್ಟಿರಿ.

ಇದರಲ್ಲಿ ಹೊರಗಿನ ಜೀನ್ ಉಳಿಯುವುದಿಲ್ಲ. ಗಿಡದ್ದೇ ಜೀನಿನಲ್ಲಿ ಒಂದೆರಡು ಅಕ್ಷರ ಕತ್ತರಿಸುತ್ತಾರೆ. ಅದಕ್ಕೇ 2022ರ ಮಾರ್ಚ್‌ನಲ್ಲಿ ಸರ್ಕಾರ ಇಂಥ ತಳಿಗಳಿಗೆ ಕುಲಾಂತರಿಗಿರುವ ಕಠಿಣ ನಿಯಮಗಳಿಂದ ವಿನಾಯಿತಿ ಕೊಟ್ಟಿತು.

ಆಲೂಗಡ್ಡೆಯಲ್ಲಿ ಮತ್ತೆ ಆ ನಾಲ್ಕು ಪ್ರತಿಯ ಕಾಟ. ಒಂದು ಜೀನ್ ನಿಲ್ಲಿಸಬೇಕಾದರೆ ನಾಲ್ಕೂ ಪ್ರತಿಗಳನ್ನು ಕತ್ತರಿಸಬೇಕು. ಒಂದು ಉಳಿದರೂ ಕೆಲಸ ಮಾಡಬಹುದು. ಇನ್ನೊಂದು ಪೇಚು: ಕತ್ತರಿಸಲು ಒಳಗೆ ಕಳಿಸಿದ ಹೊರಗಿನ ಡಿಎನ್‌ಎಯನ್ನು ಭತ್ತದಲ್ಲಿ ಮುಂದಿನ ಪೀಳಿಗೆಯ ಬೀಜದಲ್ಲಿ ತೆಗೆದುಹಾಕುತ್ತಾರೆ. ಆಲೂಗಡ್ಡೆಯನ್ನು ಬೀಜಕ್ಕೆ ಬಿಟ್ಟರೆ ತಳಿಯೇ ಕಲಸಿಹೋಗುತ್ತದೆ, ಕುಫ್ರಿ ಜ್ಯೋತಿ ಕುಫ್ರಿ ಜ್ಯೋತಿಯಾಗಿ ಉಳಿಯುವುದಿಲ್ಲ. ಹಾಗಾಗಿ ಗೋಡೆ ತೆಗೆದ ಒಂಟಿ ಜೀವಕೋಶಕ್ಕೆ ಕತ್ತರಿಯನ್ನು ಪ್ರೋಟೀನ್ ರೂಪದಲ್ಲೇ ಕೊಟ್ಟು, ಆ ಕೋಶದಿಂದ ಪೂರ್ತಿ ಗಿಡ ಎಬ್ಬಿಸುತ್ತಾರೆ. ನಾಜೂಕಿನ ಕೆಲಸ.

ನಾನು ಬಂಡಿಯಲ್ಲಿ ಚಿಪ್ಸ್, ಬೋಂಡಾ ಹಾಕ್ತೀನಿ. ಕೆಲವು ಸಲ ಚಿಪ್ಸ್ ಕಪ್ಪಗಾಗಿ ಕಹಿ ಬರುತ್ತೆ. ಎಣ್ಣೆ ಕೆಟ್ಟಿದೆಯಾ?

ಎಣ್ಣೆ ಹೊಸದಿದ್ದರೂ ಹಾಗಾದರೆ ತಪ್ಪು ಆಲೂಗಡ್ಡೆಯದು. ಉತ್ತರದಿಂದ ಬರುವ ಮಾಲು ಎಷ್ಟೋ ತಿಂಗಳು ಕೋಲ್ಡ್ ಸ್ಟೋರೇಜಿನಲ್ಲಿ 2ರಿಂದ 4 ಡಿಗ್ರಿಯಲ್ಲಿ ಇದ್ದು ಬಂದಿರುತ್ತದೆ. ಆ ಚಳಿಗೆ ಗಡ್ಡೆಯ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಬಿಸಿ ಎಣ್ಣೆಗೆ ಬಿದ್ದರೆ ಕಂದು, ಆಮೇಲೆ ಕಪ್ಪು. ಅಕ್ರಿಲಮೈಡ್ ಅನ್ನುವ ಬೇಡದ ಪದಾರ್ಥವೂ ಹೆಚ್ಚುತ್ತದೆ. ಬೋಂಡಾ ಪಲ್ಯಕ್ಕೆ ತೊಂದರೆ ಇಲ್ಲ, ಸ್ವಲ್ಪ ಸಿಹಿ ಅನ್ನಿಸಬಹುದು. ಚಿಪ್ಸಿಗೆ ಅದನ್ನು ಬಳಸಬೇಡಿ. ಮೂಟೆಯಿಂದ ಒಂದು ಗಡ್ಡೆ ತೆಗೆದು ನಾಲ್ಕು ಬಿಲ್ಲೆ ಕರಿದು ನೋಡಿ ಕೊಂಡರೆ ಸಾಕು.

ಇಲ್ಲಿ ಜೀನ್ ಕೆಲಸ ಚೆನ್ನಾಗಿ ನಡೆದಿದೆ. ಚಳಿಯಲ್ಲಿ ಸಕ್ಕರೆ ಮಾಡಿಸುವ ಮುಖ್ಯ ಕಿಣ್ವ ಇನ್ವರ್ಟೇಸ್. ಅದರ ಜೀನ್ ಅಡಗಿಸಿದ ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನಿಂದ ಬಂದರೂ ಬೆಳ್ಳಗೇ ಕರಿಯುತ್ತದೆ. ಅಮೆರಿಕದಲ್ಲಿ ಸಿಂಪ್ಲಾಟ್ ಕಂಪನಿಯ ಇನ್ನೇಟ್ ಆಲೂಗಡ್ಡೆಗಳಲ್ಲಿ ಇಂಥ ಬದಲಾವಣೆಗಳಿವೆ. ಮೊದಲ ಪೀಳಿಗೆಗೆ ಅಲ್ಲಿ 2014ರಲ್ಲಿ ಒಪ್ಪಿಗೆ ಸಿಕ್ಕಿತು. ನಮ್ಮಲ್ಲಿ ಚಿಪ್ಸಿಗೆ ಅಂತಲೇ ಹಳೇ ಪದ್ಧತಿಯಲ್ಲಿ ಮಾಡಿದ ಕುಫ್ರಿ ಚಿಪ್‌ಸೋನಾ ತಳಿಗಳಿವೆ, ಮೊದಲನೆಯದು 1998ರದು.

ಶುಗರ್ ಫ್ರೀ ಆಲೂಗಡ್ಡೆ ಅಂತ ಮಾರ್ತಾರಲ್ಲ?

ಸುಮ್ನೆ ಮಾತು. ಸಕ್ಕರೆ ಕಡಿಮೆ ಇರುವ ಚಿಪ್ಸ್ ಆಲೂಗಡ್ಡೆಗೇ ಆ ಹೆಸರು ಕೊಟ್ಟು ಮಾರುತ್ತಾರೆ. ಅದರಲ್ಲೂ ಪಿಷ್ಟ ಇದ್ದೇ ಇದೆ, ಹೊಟ್ಟೆಗೆ ಹೋದ ಮೇಲೆ ಅದೇ ಗ್ಲೂಕೋಸ್. ಶುಗರ್ ಇರುವವರು ಡಾಕ್ಟರ್ ಹೇಳಿದ ಅಳತೆಯಲ್ಲೇ ತಿನ್ನಿ.

ಪ್ರೋಟೀನ್ ಆಲೂಗಡ್ಡೆ ಏನಾಯಿತು?

ದೆಹಲಿಯಲ್ಲಿ ಆಸಿಸ್ ದತ್ತಾ ಅವರ ತಂಡ ರಾಜಗಿರಿಯ ಒಂದು ಜೀನನ್ನು ಆಲೂಗಡ್ಡೆಗೆ ಹಾಕಿ ಪ್ರೋಟೀನ್ ಹೆಚ್ಚಿಸಿತ್ತು. 2010ರಲ್ಲಿ ಏಳು ತಳಿಗಳ ಫಲಿತಾಂಶ ಪ್ರಕಟವಾಯಿತು, ಪ್ರೋಟೀನ್ ಮೊದಲಿದ್ದದ್ದಕ್ಕಿಂತ ಶೇ 60ರವರೆಗೆ ಹೆಚ್ಚಿತ್ತು. ಅದೇ ವರ್ಷ ಬಿಟಿ ಬದನೆಗೆ ತಡೆ ಬಿತ್ತು, ಕುಲಾಂತರಿ ಆಹಾರ ಬೆಳೆಗಳ ಗಾಡಿ ಅಲ್ಲೇ ನಿಂತಿತು. ಈ ಆಲೂಗಡ್ಡೆ ಮಾರ್ಕೆಟ್ಟಿಗೆ ಬರಲಿಲ್ಲ. ನನ್ನನ್ನು ಕೇಳಿದರೆ, ಪ್ರೋಟೀನಿಗೆ ನಮ್ಮ ತೊಗರಿಬೇಳೆ ಇರುವಾಗ ಆಲೂಗಡ್ಡೆಯ ಮೇಲೆ ಅಷ್ಟು ಭಾರ ಹೊರಿಸಬೇಕಾಗಿಲ್ಲ.

ಹೊಸ ತಳಿ ತಿಂದರೆ ಏನಾದರೂ ಆಗುತ್ತಾ?

ಯಾವ ಪದ್ಧತಿಯ ತಳಿಯಾದರೂ ಪರೀಕ್ಷೆ ಬೇಕು. ಹಳೇ ಪದ್ಧತಿ ಅಂದ ಮಾತ್ರಕ್ಕೆ ನಿರ್ಭಯ ಅಂತಲ್ಲ. ಅಮೆರಿಕದಲ್ಲಿ 1967ರಲ್ಲಿ ಲೆನಾಪೆ ಅನ್ನುವ ತಳಿ ಬಂತು. ಚಿಪ್ಸಿಗೆ ಅಪ್ಪಟ. ಆದರೆ ಅದರಲ್ಲಿ ಸೋಲನಿನ್ ಥರದ ವಿಷ ಜಾಸ್ತಿ ಇತ್ತು. 1970ರಲ್ಲಿ ವಾಪಸ್ ತೆಗೆದುಕೊಂಡರು. ಅದು ಕುಲಾಂತರಿ ಆಗಿರಲಿಲ್ಲ, ಕಾಡು ಆಲೂಗಡ್ಡೆಯ ಜೊತೆ ಕೂಡಿಸಿದ ಮಾಮೂಲಿ ತಳಿ. ಆಮೇಲಿಂದ ತಳಿ ಬಿಡುವ ಮೊದಲು ಈ ವಿಷವನ್ನು ಅಳೆಯುವುದು ರೂಢಿಯಾಯಿತು. ನೂರು ಗ್ರಾಂ ಗಡ್ಡೆಗೆ 20 ಮಿಲಿಗ್ರಾಂ ದಾಟಬಾರದು. ಮನೆಯಲ್ಲಿ ಹಸಿರಾದ, ಮೊಳಕೆ ಬಂದ ಗಡ್ಡೆಯನ್ನು ಎಸೆಯುವುದೂ ಇದೇ ಕಾರಣಕ್ಕೆ.

ಟಿಶ್ಯೂ ಕಲ್ಚರ್ ಆಲೂಗಡ್ಡೆ ಅಂದರೆ? ಬಾಳೆಯ ಜಿ-9 ಥರಾನಾ?

ಲ್ಯಾಬಿನ ಕೆಲಸ ಅದೇ ಥರ. ಉದ್ದೇಶ ಸ್ವಲ್ಪ ಬೇರೆ.

ಆಲೂಗಡ್ಡೆಯನ್ನು ಗಡ್ಡೆಯಿಂದಲೇ ಬೆಳೆಸುವುದರಿಂದ ಗಿಡಕ್ಕೆ ಹತ್ತಿದ ವೈರಸ್ ಗಡ್ಡೆಯೊಳಗೆ ಕೂತು ಮುಂದಿನ ವರ್ಷಕ್ಕೆ ಬರುತ್ತದೆ. ಸಸ್ಯಹೇನು ಇನ್ನಷ್ಟು ಹರಡುತ್ತದೆ. ಮೂರು ನಾಲ್ಕು ವರ್ಷ ಮನೆ ಬಿತ್ತನೆ ಹಾಕಿದರೆ ತಳಿ ಒಳ್ಳೆಯದಿದ್ದರೂ ಇಳುವರಿ ಬಿದ್ದುಹೋಗುತ್ತದೆ. ರೈತರು "ತಳಿ ಕೆಟ್ಟಿತು" ಅನ್ನುತ್ತಾರೆ. ತಳಿ ಕೆಟ್ಟಿರುವುದಿಲ್ಲ, ವೈರಸ್ ತುಂಬಿರುತ್ತದೆ.

ಚಿಗುರಿನ ತುತ್ತತುದಿಯಲ್ಲಿ, ಅಂದರೆ ಸಾಸಿವೆಗಿಂತ ಸಣ್ಣ ಭಾಗದಲ್ಲಿ, ವೈರಸ್ ಸಾಮಾನ್ಯವಾಗಿ ಇರುವುದಿಲ್ಲ. ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಕತ್ತರಿಸಿ, ಬಾಟಲಿಯಲ್ಲಿ ಗಿಡ ಮಾಡಿ, ವೈರಸ್ ಇಲ್ಲ ಅಂತ ಪರೀಕ್ಷಿಸಿ, ಆಮೇಲೆ ಹೆಚ್ಚಿಸುತ್ತಾರೆ. ಮುಂದೆ ಬಲೆಮನೆಯಲ್ಲಿ ಪುಟ್ಟ ಗಡ್ಡೆ ತೆಗೆಯುತ್ತಾರೆ. ಬೇರನ್ನು ಗಾಳಿಯಲ್ಲಿ ತೂಗಬಿಟ್ಟು ಪೋಷಕಾಂಶದ ನೀರು ಚಿಮುಕಿಸುವ ಏರೋಪೋನಿಕ್ಸ್ ಪದ್ಧತಿಯನ್ನೂ ಬಳಸುತ್ತಾರೆ. ಹಾಸನದ ಕಡೆ ಚಿಗುರು ತುಂಡಿಗೆ ಬೇರು ಬರಿಸಿ ಸಸಿ ಮಾಡಿ ನೆಡುವ ಪದ್ಧತಿಯೂ ನಡೆದಿದೆ. ಟ್ರೇಯಲ್ಲಿ ಮೆಣಸಿನಕಾಯಿ ಸಸಿ ಮಾಡುವ ನಮ್ಮ ನರ್ಸರಿಯವರಿಗೆ ಇದು ಕೈಗೆ ಹತ್ತುವ ಕೆಲಸ.

ಜೀನ್, ಗೀನ್ ಅಂತ ಎಷ್ಟು ಮಾತಾಡಿದರೂ, ಇವತ್ತಿನ ಮಟ್ಟಿಗೆ ಬಯೋಟೆಕ್ನಾಲಜಿಯಿಂದ ಆಲೂಗಡ್ಡೆ ರೈತನಿಗೆ ಸಿಕ್ಕಿರುವ ದೊಡ್ಡ ಲಾಭ ಈ ಶುದ್ಧ ಬಿತ್ತನೆಯೇ.

ಮೆಣಸಿನಕಾಯಿ ಥರ ಬೀಜದಿಂದಲೇ ಬೆಳೆಯಲು ಆಗಲ್ವಾ? ಎಕರೆಗೆ ಎಂಟು-ಹತ್ತು ಕ್ವಿಂಟಾಲ್ ಗಡ್ಡೆ ತರೋದು ಯಾರ ಕೈಲಾಗುತ್ತೆ?

ಇದು ನನಗೆ ಎಲ್ಲಕ್ಕಿಂತ ಕುತೂಹಲದ ವಿಷಯ. ನಾಲ್ಕು ಪ್ರತಿಯ ಕಾಟ ಬೇಡ ಅಂತ ಕೆಲವರು ಎರಡೇ ಪ್ರತಿಯ ಆಲೂಗಡ್ಡೆಗೆ ಹೋಗಿದ್ದಾರೆ. ಅವು ತಮ್ಮದೇ ಪರಾಗ ಒಪ್ಪುವುದಿಲ್ಲ, ಹಾಗಾಗಿ ಶುದ್ಧ ಸಾಲು ಮಾಡಲು ಆಗುತ್ತಿರಲಿಲ್ಲ. ಒಂದು ಕಾಡು ಆಲೂಗಡ್ಡೆಯಲ್ಲಿ ಆ ತಡೆಯನ್ನು ತೆಗೆಯುವ ಜೀನ್ ಸಿಕ್ಕಿತು. ಈಗ ಮೆಕ್ಕೆಜೋಳದ ಥರ ಶುದ್ಧ ಸಾಲು ಮಾಡಿ, ಕೂಡಿಸಿ, ಹೈಬ್ರಿಡ್ ಬೀಜ ತೆಗೆಯಬಹುದು. ಚೀನಾದ ತಂಡ 2021ರಲ್ಲಿ ಜೀನೋಮ್ ನೋಡಿಕೊಂಡೇ ಹೀಗೆ ಹೈಬ್ರಿಡ್ ಮಾಡಿ ತೋರಿಸಿತು. ನೆದರ್ಲೆಂಡ್ಸ್‌ನ ಸೊಲಿಂಟಾ ಕಂಪನಿ ಹೆಕ್ಟೇರಿಗೆ 2,500 ಕಿಲೋ ಗಡ್ಡೆಯ ಬದಲು 25 ಗ್ರಾಂ ಬೀಜ ಸಾಕು ಅನ್ನುತ್ತದೆ. ಬೀಜದಲ್ಲಿ ಆಲೂಗಡ್ಡೆಯ ವೈರಸ್‌ಗಳಲ್ಲಿ ಹೆಚ್ಚಿನವು ದಾಟುವುದಿಲ್ಲ ಅನ್ನುವುದು ಇನ್ನೊಂದು ಲಾಭ.

ತೊಡಕೂ ಇದೆ. ಬೀಜದಿಂದ ಸಸಿ ಮಾಡಿ ನೆಟ್ಟರೆ ದಿನ ಜಾಸ್ತಿ ಬೇಕು. ನಮ್ಮ ಬಳಿ ಇರುವುದೇ ಎರಡು ತಿಂಗಳ ಚಳಿ. ನೆರಳುಮನೆಯಲ್ಲಿ ಅಕ್ಟೋಬರ್‌ನಲ್ಲೇ ಸಸಿ ಮಾಡಿಟ್ಟುಕೊಂಡರೆ ದಾರಿ ಇದೆ ಅಂತ ನನ್ನ ಊಹೆ.

ಕಂಪನಿ ತಳಿಯ ಗಡ್ಡೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡರೆ ಕೇಸ್ ಹಾಕ್ತಾರಾ?

2019ರಲ್ಲಿ ಗುಜರಾತಿನ ರೈತರ ಮೇಲೆ ಪೆಪ್ಸಿಕೋ ತನ್ನ ಚಿಪ್ಸ್ ತಳಿಗಾಗಿ ಕೇಸ್ ಹಾಕಿ, ಗದ್ದಲವಾದ ಮೇಲೆ ವಾಪಸ್ ತೆಗೆದುಕೊಂಡಿತು. 2021ರಲ್ಲಿ ಆ ತಳಿಯ ನೋಂದಣಿ ರದ್ದಾಯಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಆ ರದ್ದತಿಯನ್ನು ತೆಗೆದುಹಾಕಿತು. ನಿಮ್ಮ ಹಕ್ಕು ಮಾತ್ರ 2001ರ ಕಾಯ್ದೆಯಲ್ಲೇ ಇದೆ. ಸಂರಕ್ಷಿತ ತಳಿಯಾದರೂ ರೈತ ತನ್ನ ಬೆಳೆಯಿಂದ ಬಿತ್ತನೆ ಉಳಿಸಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡ್ ಹೆಸರು ಹಾಕಿ ಬಿತ್ತನೆ ಅಂತ ಮಾರುವಂತಿಲ್ಲ, ಅಷ್ಟೆ. ಗುತ್ತಿಗೆ ಬೇಸಾಯದ ಕಾಗದಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ಬೇರೆ ಷರತ್ತು ಇದೆಯಾ ಅಂತ ಓದಿಸಿಕೊಳ್ಳಿ.

ಮಗಳು ರಾಯಚೂರಲ್ಲಿ ಬಿಎಸ್ಸಿ ಕೃಷಿ ಓದ್ತಿದ್ದಾಳೆ. ಈ ಕ್ಷೇತ್ರಕ್ಕೆ ಹೋಗಬಹುದಾ?

ಧಾರಾಳವಾಗಿ. ತಳಿವಿಜ್ಞಾನದ ಜೊತೆ ಅಂಕಿಅಂಶ ವಿಜ್ಞಾನ ಮತ್ತು ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯಲಿ. ಲ್ಯಾಬಿನಲ್ಲಿ ಡಿಎನ್‌ಎ ತೆಗೆಯುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೊಲದಲ್ಲಿ ಸರಿಯಾಗಿ ಅಳೆದು, ಆ ಲೆಕ್ಕವನ್ನು ಕಂಪ್ಯೂಟರಿಗೆ ಹೇಳಬಲ್ಲವರು ಕಡಿಮೆ.

ಕೆಂಪು ಮಣ್ಣಿದೆ, ಬೋರ್ ಇದೆ. ಈ ವರ್ಷ ಹಾಕಿ ನೋಡಲಾ?

ಹಾಕಿ, ಆದರೆ ನಾಲ್ಕೈದು ಗುಂಟೆ ಮಾತ್ರ. ಎಕರೆಗಟ್ಟಲೆ ಬೇಡ. ಗಂಗಾವತಿ, ಹಗರಿ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹತ್ತಿರದ್ದಕ್ಕೆ ಮೊದಲೇ ಹೋಗಿ ಮಾತಾಡಿ. ತಳಿಯ ಹೆಸರು ಮತ್ತು ಟ್ಯಾಗ್ ಇರುವ ಬಿತ್ತನೆ ಗಡ್ಡೆಯನ್ನೇ ತನ್ನಿ, ತರಕಾರಿ ಮಂಡಿಯ ಮೂಟೆ ಬೇಡ. ನವೆಂಬರ್‌ನಲ್ಲಿ ಏರು ಮಡಿ ಮಾಡಿ ನಾಟಿ ಮಾಡಿ. ಹುಲ್ಲಿನ ಹೊದಿಕೆ ಹಾಕಿದರೆ ಮಣ್ಣು ತಣ್ಣಗಿರುತ್ತದೆ. ಡ್ರಿಪ್ ಇದ್ದರೆ ಸಂಜೆ ನೀರು ಬಿಡಿ.

ಒಂದು ಸಾದಾ ಥರ್ಮಾಮೀಟರ್ ಕೊಂಡು ಹೊಲದಲ್ಲಿ ನೆರಳಿಗೆ ತೂಗುಹಾಕಿ. ಬೆಳಗ್ಗೆ ಹೊತ್ತು ಹುಟ್ಟುವ ಮೊದಲು ಎಷ್ಟಿದೆ ನೋಡಿ ಬರೆದಿಡಿ. ನಾಟಿ ತಾರೀಕು, ಅಗೆದ ತಾರೀಕು, ಒಂದು ಸಾಲಿಗೆ ಎಷ್ಟು ಕಿಲೋ ಬಂತು, ಅದನ್ನೂ ಬರೆಯಿರಿ. ಆ ಹಾಳೆಯ ಒಂದು ಜೆರಾಕ್ಸ್ ಕೇಂದ್ರದ ವಿಜ್ಞಾನಿಗಳಿಗೆ ಕೊಡಿ. ಬೆಳೆ ಹೋದರೂ ಕೊಡಿ.